ಪಟ್ಟಿ ಹೆಚ್ಚಿಸಿದರೆ ತೂಕದ ಮಿತಿ ಹೆಚ್ಚುತ್ತದೆಯೇ?

ಸುಗ್ಗಿ ಹತ್ತಿರ ಬಂತೆಂದರೆ ಗಡಿ ಊರುಗಳ ಗ್ಯಾರೇಜುಗಳಲ್ಲಿ ಒಂದು ಕೆಲಸಕ್ಕೆ ಬಿಡುವೇ ಇರುವುದಿಲ್ಲ. ಲಾರಿಯನ್ನೋ ಪಿಕಪ್ಪನ್ನೋ ಜಾಕ್ ಮೇಲೆ ಎತ್ತಿ ನಿಲ್ಲಿಸಿ, ಹಿಂದಿನ ಸ್ಪ್ರಿಂಗ್ ಕಟ್ಟು ಬಿಚ್ಚಿ, ಇನ್ನೊಂದೆರಡು ಪಟ್ಟಿ ಸೇರಿಸಿ ಯು-ಬೋಲ್ಟ್ ಬಿಗಿಯುವುದು. ಕೆಲವರು ಬ್ಲೇಡ್ ಎನ್ನುತ್ತಾರೆ, ಕೆಲವರು ಪ್ಲೇಟ್, ಸೊಲ್ಲಾಪುರದ ಕಡೆ ಪಾಟಾ. ಹೆಸರು ಬೇರೆಯಾದರೂ ಉದ್ದೇಶ ಒಂದೇ. ಅಕ್ಕಲಕೋಟೆ, ಜತ್ತದ ಕಡೆ ಕಬ್ಬು, ಹೊಸೂರಿನಲ್ಲಿ ಟೊಮ್ಯಾಟೊ, ತಾಳವಾಡಿಯಲ್ಲಿ ಎಲೆಕೋಸು, ಕಾಸರಗೋಡಿನಲ್ಲಿ ಕೆಂಪುಕಲ್ಲು, ತಾಂಡೂರಿನಲ್ಲಿ ಹಾಸುಗಲ್ಲು, ಎಲ್ಲಿ ನೋಡಿದರೂ ಮರಳು. ಒಂದೇ ಟ್ರಿಪ್ಪಿನಲ್ಲಿ ಇನ್ನಷ್ಟು ಹೋಗಬೇಕು, ಗಾಡಿ ಹಿಂದಕ್ಕೆ ಕುಳಿತುಕೊಳ್ಳಬಾರದು.

"ಪಟ್ಟಿ ಹಾಕಿಸಿದ್ದೇನೆ, ಇನ್ನೆರಡು ಟನ್ ತಡೆಯುತ್ತದೆ" ಎಂಬ ಮಾತು ಲಾರಿ ಸ್ಟ್ಯಾಂಡುಗಳಲ್ಲಿ ದಿನಾ ಕೇಳಿಬರುತ್ತದೆ. ಮಾತು ಅರ್ಧ ನಿಜ. ಪಟ್ಟಿ ತಡೆಯುತ್ತದೆ. ಆದರೆ ಆಕ್ಸಲ್, ಟೈರು, ಬ್ರೇಕು, ಚಾಸಿಸ್ ಇವು ಯಾವುವೂ ಪಟ್ಟಿಯ ಜೊತೆಗೆ ಬಲಗೊಳ್ಳುವುದಿಲ್ಲ. ಕಾನೂನಂತೂ ಪಟ್ಟಿಯ ಕಡೆ ನೋಡುವುದೇ ಇಲ್ಲ. ಅದು ನೋಡುವುದು ಆರ್‌ಸಿಯಲ್ಲಿ ಬರೆದಿರುವ ಒಂದು ಸಂಖ್ಯೆಯನ್ನು.

1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿ ನಮೂದಿಸಿದ ಒಟ್ಟು ತೂಕವನ್ನು, ಅಂದರೆ ಗಾಡಿ ಮತ್ತು ಮಾಲು ಎರಡೂ ಸೇರಿದ ತೂಕವನ್ನು ಮೀರಿ ವಾಹನ ಓಡಿಸುವಂತಿಲ್ಲ. ಒಟ್ಟು ತೂಕ ಸರಿಯಿದ್ದು ಒಂದೇ ಆಕ್ಸಲ್ ಮೇಲೆ ಮಿತಿ ಮೀರಿದರೂ ಅದು ತಪ್ಪೇ. ಓಡಿಸಿದವನು ಮಾಲೀಕನಲ್ಲದಿದ್ದರೆ, ಮಾಲೀಕನಿಗೆ ಗೊತ್ತಿದ್ದೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಿಕೊಳ್ಳಬಹುದು ಎಂದೂ ಅದೇ ಕಲಮಿನಲ್ಲಿದೆ. ಗಡಿಯ ಜನ ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಇದು ಕೇಂದ್ರದ ಕಾಯ್ದೆ. ಬೆಳಿಗ್ಗೆ ರಾಯದುರ್ಗದಲ್ಲಿ ಲೋಡ್ ಆಗಿ ಮಧ್ಯಾಹ್ನ ಬಳ್ಳಾರಿಯಲ್ಲಿ ಇಳಿಯುವ ಲಾರಿಗೆ ದಾರಿಯಲ್ಲಿ ಬೋರ್ಡಿನ ಭಾಷೆ ಬದಲಾಗುತ್ತದೆ, ಬ್ರೇಕ್ ಇನ್‌ಸ್ಪೆಕ್ಟರ್ ಬದಲಾಗುತ್ತಾರೆ, ತೂಕದ ಮಿತಿ ಬದಲಾಗುವುದಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ರಾಜ್ಯಗಳ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದಾಗ "ಇನ್ನು ಯಾರೂ ಕೇಳುವುದಿಲ್ಲ" ಎಂದುಕೊಂಡವರಿದ್ದರು. ಹೋದದ್ದು ತೆರಿಗೆಯ ತಪಾಸಣೆ ಮಾತ್ರ.

2018 ಮತ್ತು 2019: ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ

2018ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಆಕ್ಸಲ್ ತೂಕದ ಮಿತಿಯನ್ನು ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಜೋಡಿ ಆಕ್ಸಲ್‌ಗೆ 19 ಟನ್ ಇದ್ದದ್ದು 21 ಆಯಿತು. ಆರು ಚಕ್ರದ ಮಾಮೂಲಿ ಲಾರಿಯ ಒಟ್ಟು ತೂಕ 16.2 ಟನ್‌ನಿಂದ 18.5 ಟನ್‌ಗೆ ಏರಿತು. ಹಳೆಯ ಗಾಡಿ ಇಟ್ಟುಕೊಂಡವರಲ್ಲಿ ಗೊಂದಲ ಹುಟ್ಟಿದ್ದು ಆಗಲೇ. ಪಕ್ಕದ ಮನೆಯವರ ಹೊಸ ಲಾರಿಗೆ 18.5 ಇದ್ದರೆ ತಮ್ಮ ಹಳೆಯದಕ್ಕೂ ಅಷ್ಟೇ, ಬೇಕಿದ್ದರೆ ಎರಡು ಪಟ್ಟಿ ಹಾಕಿಸಿದರಾಯಿತು ಎಂಬ ಲೆಕ್ಕ. ಆದರೆ ಆರ್‌ಸಿಯಲ್ಲಿ 16.2 ಎಂದಿರುವವರೆಗೆ ಆ ಗಾಡಿಯ ಮಟ್ಟಿಗೆ 16.2 ಟನ್ನೇ ಮಿತಿ.

ಮರುವರ್ಷವೇ ದಂಡ ಏರಿತು. 2019ರ ತಿದ್ದುಪಡಿಗೆ ಮುಂಚೆ ಓವರ್‌ಲೋಡಿಗೆ 2,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 1,000 ರೂಪಾಯಿ ಇತ್ತು. 2019ರ ಸೆಪ್ಟೆಂಬರ್ 1ರಿಂದ ಕಾಯ್ದೆಯಲ್ಲಿ ಅದು 20,000 ರೂಪಾಯಿ, ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂಪಾಯಿ. ಮೂರು ಟನ್ ಹೆಚ್ಚಿದ್ದರೆ 26,000. ಸ್ಥಳದಲ್ಲೇ ರಾಜಿಯಾಗಿ ಕಟ್ಟುವ ಮೊತ್ತವನ್ನು ಕೆಲವು ರಾಜ್ಯಗಳು ಬೇರೆ ಮಾಡಿಕೊಂಡಿರುವುದರಿಂದ ಗಡಿಯ ಆಚೆ ಈಚೆ ರಸೀದಿಯಲ್ಲಿ ವ್ಯತ್ಯಾಸ ಕಾಣುವುದುಂಟು. ದಂಡಕ್ಕಿಂತ ಕಷ್ಟದ್ದು ಅದರ ಜೊತೆಗಿರುವ ಇನ್ನೊಂದು ಮಾತು: ಹೆಚ್ಚುವರಿ ಮಾಲನ್ನು ಇಳಿಸುವವರೆಗೆ ಗಾಡಿ ಕದಲುವಂತಿಲ್ಲ, ಇಳಿಸುವ ಖರ್ಚೂ ಲಾರಿಯವರದೇ. ಹೆದ್ದಾರಿ ಪಕ್ಕದಲ್ಲಿ ಟೊಮ್ಯಾಟೊ ಕ್ರೇಟುಗಳನ್ನು ಇಳಿಸಿಕೊಂಡು ಬೇರೆ ಗಾಡಿಗೆ ಕಾಯುವುದೆಂದರೆ ಏನೆಂದು ಬೆಳೆಗಾರರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಒಂದು ಕಾಲದಲ್ಲಿ ಹಲವು ರಾಜ್ಯಗಳು "ಗೋಲ್ಡ್ ಕಾರ್ಡ್" ಎಂಬ ಹೆಸರಿನಲ್ಲಿ ಮುಂಗಡ ಹಣ ಕಟ್ಟಿಸಿಕೊಂಡು ಓವರ್‌ಲೋಡ್ ಲಾರಿಗಳನ್ನು ಬಿಡುತ್ತಿದ್ದವು. 2005ರ ನವೆಂಬರ್‌ನಲ್ಲಿ ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ದಂಡ ಕಟ್ಟಿದ ಮಾತ್ರಕ್ಕೆ ಅದೇ ಭಾರದಲ್ಲಿ ಮುಂದೆ ಹೋಗುವ ಹಕ್ಕು ಹುಟ್ಟುವುದಿಲ್ಲ ಎಂಬುದು ಅಂದೇ ಇತ್ಯರ್ಥವಾಗಿದೆ. ಆದರೂ "ಕಟ್ಟಿ ಹೋಗುವುದು" ಎಂಬ ನುಡಿ ಲಾರಿ ಸ್ಟ್ಯಾಂಡುಗಳಲ್ಲಿ ಇಂದಿಗೂ ಸತ್ತಿಲ್ಲ.

ಇನ್ನು ಪಟ್ಟಿ ಸೇರಿಸುವುದೇ ಅಪರಾಧವೇ ಎಂಬ ಪ್ರಶ್ನೆ. ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎನ್ನುತ್ತದೆ 52ನೇ ಕಲಂ. 2019ರ ಜನವರಿಯಲ್ಲಿ ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಒಂದು ಪಟ್ಟಿ ಸೇರಿಸಿದ ಮಾತ್ರಕ್ಕೆ ಅದು ಕಾಯ್ದೆ ಹೇಳುವ ಮಾರ್ಪಾಡು ಆಗುತ್ತದೆಯೇ ಎಂಬುದರಲ್ಲಿ ವಾದಕ್ಕೆ ಜಾಗವಿದೆ. ಎಫ್‌ಸಿಗೆ ನಿಂತಾಗ ಒಬ್ಬ ಅಧಿಕಾರಿ ಬಿಟ್ಟಾರು, ಇನ್ನೊಬ್ಬರು ಬಿಚ್ಚಿಸಿಯಾರು. ತೂಕದ ವಿಷಯದಲ್ಲಿ ಮಾತ್ರ ಅಂಥ ವಾದವಿಲ್ಲ.

ಪಟ್ಟಿ ಸೇರಿದ ಮೇಲೆ ಗಾಡಿಗೆ ಆಗುವುದೇನು

ಪಟ್ಟಿ ಸೇರಿಸಿದ ಗಾಡಿ ಲೋಡಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಮೋಸ ಇರುವುದು ಅಲ್ಲೇ. ಮೊದಲಾದರೆ ಭಾರ ಹೆಚ್ಚಾದಾಗ ಹಿಂಭಾಗ ಕುಸಿದು, ಟೈರು ಮಡ್‌ಗಾರ್ಡಿಗೆ ಉಜ್ಜಿ, ಹೆಡ್‌ಲೈಟು ಆಕಾಶ ನೋಡಿ, "ಸಾಕು" ಎಂದು ಗಾಡಿಯೇ ಹೇಳುತ್ತಿತ್ತು. ಪಟ್ಟಿ ಆ ಬಾಯಿಯನ್ನು ಮುಚ್ಚಿಸುತ್ತದೆ. ಟೈರಿನ ಮೇಲಿನ ಭಾರ ಒಂದು ಕಿಲೋ ಕೂಡ ಕಡಿಮೆಯಾಗಿರುವುದಿಲ್ಲ. ಬದಲಿಗೆ ಪಟ್ಟಿಯ ತೂಕವೂ ಗಾಡಿಯ ತೂಕಕ್ಕೆ ಸೇರಿ, ನ್ಯಾಯವಾಗಿ ಹೊರಬಹುದಾದ ಮಾಲು ಅಷ್ಟು ಕಡಿಮೆಯಾಗಿರುತ್ತದೆ.

ಅನೇಕ ಮಾಲೀಕರಿಗೆ ಗೊತ್ತಿಲ್ಲದ ಒಂದು ಭಾಗ ಬ್ರೇಕಿನಲ್ಲಿದೆ. ಹಲವು ಪಿಕಪ್ ಮತ್ತು ಸಣ್ಣ ಲಾರಿಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಸ್‌ಗೂ ನಡುವೆ ಒಂದು ಸಣ್ಣ ಸರಳು, ಅದರ ತುದಿಗೆ ಒಂದು ವಾಲ್ವ್ ಇರುತ್ತದೆ. ಗಾಡಿ ಖಾಲಿಯಿದ್ದಾಗ ಚಾಸಿಸ್ ಮೇಲಿರುತ್ತದೆ, ವಾಲ್ವ್ ಹಿಂದಿನ ಚಕ್ರಗಳಿಗೆ ಬ್ರೇಕ್ ಒತ್ತಡ ಕಡಿಮೆ ಕೊಡುತ್ತದೆ. ಇಲ್ಲದಿದ್ದರೆ ಖಾಲಿ ಗಾಡಿಯ ಹಿಂದಿನ ಚಕ್ರ ಲಾಕ್ ಆಗಿ ಜಾರುತ್ತದೆ. ಭಾರ ಬಿದ್ದು ಚಾಸಿಸ್ ಕೆಳಗಿಳಿದಾಗ ಒತ್ತಡ ಹೆಚ್ಚು ಕೊಡುತ್ತದೆ. ಪಟ್ಟಿ ಸೇರಿಸಿ ಚಾಸಿಸ್ಸನ್ನು ಎತ್ತರಿಸಿದರೆ ಪೂರ್ತಿ ಲೋಡ್ ಇದ್ದರೂ ವಾಲ್ವ್‌ಗೆ ಗಾಡಿ ಅರ್ಧ ಖಾಲಿಯಂತೆ ಕಾಣುತ್ತದೆ. ಬ್ರೇಕ್ ಬೇಕಾದ ಹೊತ್ತಿಗೇ ಹಿಂದಿನ ಬ್ರೇಕ್ ಸೋಲುತ್ತದೆ. ಘಾಟಿ ಇಳಿಯುವಾಗ ಇದರ ಅರ್ಥ ಏನೆಂದು ಚಾಲಕರಿಗೆ ಗೊತ್ತು. ಪಟ್ಟಿ ಹಾಕುವ ಮೇಸ್ತ್ರಿ ಆ ಸರಳನ್ನು ಮತ್ತೆ ಹೊಂದಿಸಿದನೇ ಎಂದು ಕೇಳುವವರು ಕಡಿಮೆ.

ಉಳಿದವು ನಿಧಾನವಾಗಿ ಬರುತ್ತವೆ. ಗಟ್ಟಿ ಸ್ಪ್ರಿಂಗ್ ಹಳ್ಳದ ಏಟನ್ನು ನುಂಗುವುದಿಲ್ಲ, ಚಾಸಿಸ್‌ಗೆ ದಾಟಿಸುತ್ತದೆ. ಖಾಲಿ ಬರುವಾಗ ಗಾಡಿ ಕುಣಿಯುತ್ತದೆ, ಬ್ರಾಕೆಟ್ ಬಿರುಕು ಬಿಡುತ್ತದೆ, ಹಳೆಯ ಯು-ಬೋಲ್ಟನ್ನೇ ಮತ್ತೆ ಹಾಕಿದ್ದರೆ ಸಡಿಲವಾಗಿ ಸೆಂಟರ್ ಬೋಲ್ಟ್ ಕತ್ತರಿಸುತ್ತದೆ. ಅಪಘಾತವಾದರೆ ವಿಮೆಯ ಪ್ರಶ್ನೆ. 2010ರಲ್ಲಿ ಅಮಲೇಂದು ಸಾಹೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹೇಳಿದ ವಿಮಾ ಮಾರ್ಗಸೂಚಿಯ ಪ್ರಕಾರ, ಪರವಾನಗಿ ಮೀರಿ ಭಾರ ಹೇರಿದ್ದ ಗಾಡಿಯ ಹಾನಿಗೆ ಸಿಗಬೇಕಾದ ಮೊತ್ತದ ಶೇ 75ಕ್ಕಿಂತ ಹೆಚ್ಚು ಸಿಗುವುದಿಲ್ಲ. ಸಾಲದ ಕಂತು ಮಾತ್ರ ಪೂರ್ತಿ ನೂರಕ್ಕೆ ನೂರು ಕಟ್ಟಬೇಕು.

ಯೂನಿಟ್ಟಿನ ಲೆಕ್ಕ, ಬ್ರಾಸಿನ ಲೆಕ್ಕ

ಓವರ್‌ಲೋಡಿನ ಅರ್ಧ ಪಾಲು ದುರಾಸೆಯಿಂದಲ್ಲ, ಅಳತೆಯಿಂದ ಬರುತ್ತದೆ. ಮರಳು, ಜಲ್ಲಿ ಮಾರಾಟವಾಗುವುದು ತೂಕದಲ್ಲಲ್ಲ. ಹೊಸೂರಿನ ಕಡೆ ಯೂನಿಟ್, ಸೊಲ್ಲಾಪುರದ ಕಡೆ ಬ್ರಾಸ್. ಎರಡೂ 100 ಘನ ಅಡಿ. ಒಣ ಮರಳಾದರೆ 100 ಘನ ಅಡಿಗೆ ಸುಮಾರು ನಾಲ್ಕೂವರೆ ಟನ್. ಹಸಿಯಾಗಿದ್ದರೆ ಐದು ಟನ್ ಮುಟ್ಟುತ್ತದೆ. 16.2 ಟನ್ನಿನ ಲಾರಿ ಖಾಲಿ ಆರು ಟನ್ ಇದೆ ಎಂದಿಟ್ಟುಕೊಳ್ಳಿ. ಅದು ಹೊರಬಹುದಾದದ್ದು 10.2 ಟನ್. ಎರಡು ಯೂನಿಟ್ ಹಸಿ ಮರಳಿಗೆ ಅದು ತುಂಬಿತು. ಮೂರನೇ ಯೂನಿಟ್ ಹಾಕಿದರೆ, ಮರಳು ಒಣಗಿದ್ದರೂ ಒಟ್ಟು 19.5 ಟನ್, ಅಂದರೆ 3.3 ಟನ್ ಹೆಚ್ಚು. ಡಬ್ಬಿಯಲ್ಲಿ ಜಾಗವಿದೆ, ಪಟ್ಟಿಯೂ ಇದೆ, ಕೊಳ್ಳುವವರು ಕೇಳುವುದೂ ಮೂರು ಯೂನಿಟ್. ಹೀಗಾಗಿ ಎಲ್ಲರ ಕಣ್ಣಿಗೂ ಅದು ಸರಿಯಾದ ಲೋಡಿನಂತೆಯೇ ಕಾಣುತ್ತದೆ.

ಆದೋನಿ ಮಾರುಕಟ್ಟೆಗೆ ಬರುವ ಬಿಡಿ ಹತ್ತಿಯ ಲಾರಿ ನೋಡಿದವರಿಗೆ ಭಯವಾಗುತ್ತದೆ, ಅಷ್ಟು ಎತ್ತರ, ಅಷ್ಟು ಅಗಲ. ಅದರ ತೊಂದರೆ ತೂಕದ್ದಲ್ಲ, ಆಕಾರದ್ದು. ತಾಂಡೂರಿನ ಕಲ್ಲಿನ ಲಾರಿ ನೋಡಲು ಸಾಧು, ಡಬ್ಬಿಯ ಅರ್ಧಕ್ಕೂ ಮಾಲು ಬಂದಿರುವುದಿಲ್ಲ, ಆದರೆ ಆಕ್ಸಲ್ ಮುರಿಯುವುದು ಅದರದೇ. ಟಾಟಾ ಏಸ್ 2005ರಲ್ಲಿ ಬಂದಾಗ ಅದರ ಹೊರುವ ಶಕ್ತಿ ಮುಕ್ಕಾಲು ಟನ್ ಮಾತ್ರ. ಹಿಂದಿನ ಪುಟ್ಟ ಡಬ್ಬಿಯಲ್ಲಿ ಸಿಮೆಂಟ್ ಮೂಟೆ 15 ಇಟ್ಟರೆ ಮುಗಿಯಿತು. 15 ಮೂಟೆಗೆ ನಿಲ್ಲಿಸಿದವರನ್ನು ಕಂಡವರು ಅಪರೂಪ.

ರಸ್ತೆಯ ಲೆಕ್ಕವೂ ಇದೆ. ಅಮೆರಿಕದ ಇಲಿನಾಯ್ಸ್‌ನಲ್ಲಿ 1958ರಿಂದ 1960ರವರೆಗೆ ಬೇರೆ ಬೇರೆ ತೂಕದ ಲಾರಿಗಳನ್ನು ಓಡಿಸಿ ನಡೆಸಿದ ಪ್ರಯೋಗದಿಂದ ಬಂದ ಸೂತ್ರವನ್ನೇ ಇಂದಿಗೂ ಎಂಜಿನಿಯರುಗಳು ಬಳಸುತ್ತಾರೆ. ಆಕ್ಸಲ್ ತೂಕ ಏರಿದಂತೆ ರಸ್ತೆಗೆ ಆಗುವ ಪೆಟ್ಟು ಸುಮಾರಾಗಿ ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ. ಅಂದರೆ ಭಾರ ದುಪ್ಪಟ್ಟಾದರೆ ಪೆಟ್ಟು ಹದಿನಾರು ಪಟ್ಟು. ಹಿಂದಿನ ಆಕ್ಸಲ್ ಮೇಲೆ 10.2 ಟನ್ ಇರಬೇಕಾದಲ್ಲಿ 13 ಟನ್ ಹೇರಿದರೆ ಪೆಟ್ಟು ಎರಡೂವರೆ ಪಟ್ಟಿಗೂ ಮೇಲೆ. ಸರ್ಕಾರವೇ 2018ರಲ್ಲಿ 10.2ನ್ನು 11.5 ಮಾಡಿದಾಗ ಅದೇ ಸೂತ್ರದಂತೆ ಪೆಟ್ಟು ಶೇ 60ರಷ್ಟು ಹೆಚ್ಚಾಯಿತು. ಹೊಸ ರಾಷ್ಟ್ರೀಯ ಹೆದ್ದಾರಿ ಅದನ್ನು ತಡೆದೀತು. ಹೆದ್ದಾರಿಯಿಂದ ಇಳಿದು ಹೊಲದವರೆಗೆ ಹೋಗುವ ಹಳ್ಳಿ ರಸ್ತೆಯ ದಪ್ಪ ಯಾರೂ ಹೆಚ್ಚಿಸಲಿಲ್ಲ. ಗಡಿಯ ರಸ್ತೆಗಳಿಗೆ ಇದು ಎರಡು ಪಟ್ಟು ಕಷ್ಟ. ಹಾಳುಮಾಡುವ ಲಾರಿ ಒಂದು ರಾಜ್ಯದ್ದು, ತೇಪೆ ಹಾಕಬೇಕಾದ ಇಲಾಖೆ ಇನ್ನೊಂದು ರಾಜ್ಯದ್ದು.

ರಾಯದುರ್ಗ, ಓಬಳಾಪುರದ ಕಡೆಯವರು ಇದನ್ನು ಪುಸ್ತಕದಲ್ಲಿ ಓದಬೇಕಾಗಿಲ್ಲ. ಬಳ್ಳಾರಿ ಅದಿರಿನ ಕಾಲದಲ್ಲಿ ಆ ರಸ್ತೆಗಳು ಏನಾದವು ಎಂದು ಕಣ್ಣಾರೆ ಕಂಡಿದ್ದಾರೆ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಅದಿರು ಲಾರಿಗಳ ಓವರ್‌ಲೋಡನ್ನೂ ದಾಖಲಿಸಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅದಿರಿಗಾಗಿಯೇ ಸಾಲ ಮಾಡಿ ಕೊಂಡ ಲಾರಿಗಳು ಮನೆ ಮುಂದೆ ನಿಂತವು.

ದಿಂಬಂ ಘಾಟಿಯ ಹಳೆಯ ಸಂಖ್ಯೆ

ತಾಳವಾಡಿಯ ರೈತರಿಗೆ ಈ ಲೆಕ್ಕ ಬೇರೆ ರೂಪದಲ್ಲಿ ಎದುರಾಗಿದೆ. ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ತಿರುವು, ಸುತ್ತಲೂ ಹುಲಿ ಸಂರಕ್ಷಿತ ಅರಣ್ಯ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರುವರಿ 10ರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಂತು. ಅದರ ಬೆನ್ನಿಗೆ 16.2 ಟನ್ ಮೀರಿದ ಭಾರಿ ವಾಹನಗಳಿಗೂ ನಿರ್ಬಂಧ ಬಂತು. ತಾಳವಾಡಿಯಲ್ಲಿ ಬಂದ್, ಪ್ರತಿಭಟನೆ ನಡೆದದ್ದು, ಸ್ಥಳೀಯರಿಗೆ ಸಡಿಲಿಕೆ ಸಿಕ್ಕಿದ್ದು ಎಲ್ಲರಿಗೂ ನೆನಪಿದೆ. ಆ ಗದ್ದಲದಲ್ಲಿ 16.2 ಎಂಬ ಸಂಖ್ಯೆಯ ಕಡೆ ಯಾರ ಗಮನವೂ ಹೋಗಲಿಲ್ಲ. ಅದು ಆರು ಚಕ್ರದ ಲಾರಿಯ 2018ಕ್ಕಿಂತ ಹಿಂದಿನ ಮಿತಿ. ದೇಶಕ್ಕೆಲ್ಲ 18.5 ಆದ ನಾಲ್ಕು ವರ್ಷದ ಮೇಲೆ ಘಾಟಿಗೆ ಹಳೆಯ ಸಂಖ್ಯೆಯೇ ಬಂತು. ಹೊಸ ಲಾರಿ ಕೊಂಡವರು ಆರ್‌ಸಿ ಪ್ರಕಾರ ತಪ್ಪಿಲ್ಲದೆ ಲೋಡ್ ಮಾಡಿದರೂ ಘಾಟಿಯಲ್ಲಿ ತಪ್ಪಿತಸ್ಥರಾಗಬಹುದು. ಕಡಿದಾದ ಘಾಟಿಗೆ ಹಳೆಯ ಮಿತಿಯೇ ಸರಿ ಎಂಬುದಕ್ಕೆ ಕಾರಣಗಳಿವೆ, ಬ್ರೇಕಿನ ಮಾತು ಮೇಲೆ ಬಂದೇ ಇದೆ. ಆದರೆ ತೋಟದಲ್ಲಿ ಲೋಡ್ ಮಾಡುವ ಹೊತ್ತಿಗೇ ರೈತರಿಗೆ ಆ ಸಂಖ್ಯೆ ಗೊತ್ತಿರಬೇಕು. ಚೆಕ್‌ಪೋಸ್ಟಿಗೆ ಬಂದ ಮೇಲೆ ಗೊತ್ತಾಗಿ ಪ್ರಯೋಜನವಿಲ್ಲ.

ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ಪ್ರಕಟಿಸಿದ ಮೇಲೆ ವಯನಾಡು, ಕಾಸರಗೋಡಿನ ಕಡೆ ಹಳೆಯ ವ್ಯಾನುಗಳನ್ನು ಮನೆಗಾಡಿ ಮಾಡುವ ಯೋಚನೆ ಕೆಲವರಿಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಅಲ್ಲೂ ಇದೇ ಕಥೆ. 200 ಲೀಟರ್ ನೀರಿನ ಟ್ಯಾಂಕ್ ಎಂದರೆ 200 ಕಿಲೋ. ಅದರ ಜೊತೆ ಬ್ಯಾಟರಿ, ಎಸಿ, ಮಂಚ, ಗ್ಯಾಸ್. ಹೆಚ್ಚಾಗಿ ಎಲ್ಲವೂ ಹಿಂದಿನ ಆಕ್ಸಲ್‌ಗಿಂತ ಹಿಂದೆ. ಗಾಡಿ ಹಿಂದಕ್ಕೆ ವಾಲುತ್ತದೆ, ಮಟ್ಟ ಮಾಡಲು ಏರ್ ಬೆಲ್ಲೋಸ್ ಹಾಕುತ್ತಾರೆ, ನಿಲ್ಲಿಸಿದಾಗ ಅಲ್ಲಾಡದಂತೆ ನಾಲ್ಕು ಮೂಲೆಗೆ ಜಾಕ್ ಕೂರಿಸುತ್ತಾರೆ. ಜಾಕಿಗೂ ಭಾರವಿದೆ. ಗಾಡಿ ನೀರು ಹಿಡಿದಂತೆ ಮಟ್ಟವಾಗಿ ನಿಂತಿದ್ದರೂ ಆರ್‌ಸಿಯ ಮಿತಿ ದಾಟಿರುತ್ತದೆ. ಟ್ಯಾಂಕನ್ನು ಆಕ್ಸಲ್‌ಗಿಂತ ಮುಂದಕ್ಕೆ ತಂದಿದ್ದರೆ ಬೆಲ್ಲೋಸ್ ಬೇಕಾಗುತ್ತಲೇ ಇರಲಿಲ್ಲ.

ಲಾಭ ಯಾರಿಗೆ

ಇಲ್ಲಿ ಲಾರಿ ಮಾಲೀಕರನ್ನಷ್ಟೇ ಬೈದು ಮುಗಿಸುವುದು ಅನ್ಯಾಯ. ಬಾಡಿಗೆ ಟನ್ನಿನ ಮೇಲೆ, ದರ ನಿಗದಿ ಮಾಡುವುದು ಲಾರಿಯವರಲ್ಲ. ಒಬ್ಬರು 10 ಟನ್ ಎಂದರೆ ಪಕ್ಕದವರು ಅದೇ ಗಾಡಿಯಲ್ಲಿ 14 ಟನ್ ಒಯ್ಯಲು ಸಿದ್ಧ. ಸ್ವಲ್ಪ ದಿನದಲ್ಲೇ ಟನ್ನಿನ ದರ 14 ಟನ್ ಒಯ್ಯುವವರ ಲೆಕ್ಕಕ್ಕೆ ಇಳಿಯುತ್ತದೆ. ಆಮೇಲೆ 10 ಟನ್ ಒಯ್ಯುವವರಿಗೆ ಡೀಸೆಲ್ ಹಣವೂ ಹುಟ್ಟುವುದಿಲ್ಲ. ಪಟ್ಟಿಯ ಖರ್ಚು, ಟೈರಿನ ಖರ್ಚು, ದಂಡ ಲಾರಿಯವರದು. ಉಳಿತಾಯ ಮಾಲು ಕಳಿಸುವವರದು ಮತ್ತು ತರಿಸಿಕೊಳ್ಳುವವರದು. ಅಪರಾಧ ಸಾಬೀತಾದರೆ ಚಾಲಕರ ಲೈಸೆನ್ಸಿಗೂ ಕುತ್ತು. ಸರಕು ವಾಹನದ ಓವರ್‌ಲೋಡಿಗೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಬೇಕೆಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಸಂಬಳಕ್ಕೆ ದುಡಿಯುವ ಚಾಲಕನಿಗೆ ಮೂರು ತಿಂಗಳೆಂದರೆ ಮೂರು ತಿಂಗಳ ಮನೆ ಖರ್ಚು.

194ನೇ ಕಲಂ ಓಡಿಸಿದವರನ್ನು ಮಾತ್ರ ಹೇಳುವುದಿಲ್ಲ, ಓಡಿಸಲು ಕಾರಣರಾದವರನ್ನೂ ಓಡಿಸಲು ಬಿಟ್ಟವರನ್ನೂ ಹೇಳುತ್ತದೆ. ಕ್ವಾರಿಯಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ, ಸಿಮೆಂಟ್ ಗೋದಾಮಿನಲ್ಲಿ ವೇಬ್ರಿಡ್ಜ್ ಇದ್ದೇ ಇದೆ. ಪ್ರತಿ ಗಾಡಿಯ ತೂಕ ಅವರ ಚೀಟಿಯಲ್ಲೇ ಅಚ್ಚಾಗಿರುತ್ತದೆ. ಗೇಟಿನ ಒಳಗೇ ಗೊತ್ತಿರುವ ತಪ್ಪನ್ನು ಹಿಡಿಯಲು ಹೆದ್ದಾರಿಯಲ್ಲಿ ಕಾಯುವುದೇಕೆ ಎಂಬ ಪ್ರಶ್ನೆಗೆ ಯಾವ ರಾಜ್ಯದ ಸಾರಿಗೆ ಇಲಾಖೆಯೂ ನೇರ ಉತ್ತರ ಕೊಟ್ಟಂತಿಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆ ಮುಂದೆ ಸಾಲುಗಟ್ಟಿ ನಿಲ್ಲುವುದನ್ನು ಅಕ್ಕಲಕೋಟೆಯ ಮಕ್ಕಳೂ ನೋಡಿ ಬಲ್ಲರು. ಆ ಟ್ರೇಲರುಗಳಲ್ಲಿ ಎಷ್ಟೋ ಗಾಡಿಗಳಿಗೆ ತಮ್ಮದೇ ಬ್ರೇಕೂ ಇರುವುದಿಲ್ಲ.

ಹಾಗಾದರೆ ಸ್ಪ್ರಿಂಗ್ ಕೆಲಸವನ್ನೇ ಮಾಡಿಸಬಾರದೇ? ಮಾಡಿಸಬೇಕು, ಕಾಲಕಾಲಕ್ಕೆ. ಸ್ಪ್ರಿಂಗ್ ವರ್ಷಗಟ್ಟಲೆ ದುಡಿದು ತನ್ನ ಬಿಲ್ಲಿನ ಬಾಗು ಕಳೆದುಕೊಳ್ಳುತ್ತದೆ. ನಮ್ಮಲ್ಲಿ ಎಡಕ್ಕೆ ಓಡಿಸುವುದರಿಂದ ಎಡಗಡೆಯ ಚಕ್ರ ರಸ್ತೆಯಂಚಿನ ಹಳ್ಳಕ್ಕೆ ಹೆಚ್ಚು ಬಿದ್ದು, ಗಾಡಿ ಎಡಕ್ಕೆ ವಾಲುವುದೇ ಹೆಚ್ಚು. ಅದಕ್ಕೆ ಎಡಗಡೆ ಮಾತ್ರ ಒಂದು ಪಟ್ಟಿ ಸೇರಿಸಿ ಮಟ್ಟ ಮಾಡುವುದು ಅಗ್ಗದ ಉಪಾಯ. ಆದರೆ ಒಳಗೆ ಮುರಿದಿರುವ ಪಟ್ಟಿ, ಸವೆದ ಬುಷ್, ಸಡಿಲ ಬೋಲ್ಟ್ ಹಾಗೆಯೇ ಉಳಿದುಬಿಡುತ್ತವೆ. ಸಮ ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ ಚಕ್ರದ ನಡುವಿನಿಂದ ಬಾಡಿಯವರೆಗೆ ಎರಡೂ ಕಡೆ ಟೇಪ್ ಹಿಡಿದರೆ ಎಷ್ಟು ವಾಲಿದೆ ಎಂದು ತಿಳಿಯುತ್ತದೆ. ತಯಾರಕರು ಹೇಳಿದಷ್ಟೇ ಪಟ್ಟಿಯ, ಅದೇ ದಪ್ಪದ ಕಟ್ಟನ್ನು ಎರಡೂ ಕಡೆ ಒಟ್ಟಿಗೆ ಬದಲಿಸಿ, ಯು-ಬೋಲ್ಟ್ ಹೊಸದು ಹಾಕಿ, ಒಂದು ವಾರ ಓಡಿದ ಮೇಲೆ ಮತ್ತೆ ಬಿಗಿಸಿದರೆ ಗಾಡಿ ಮಟ್ಟಕ್ಕೆ ಬರುತ್ತದೆ. ಎಫ್‌ಸಿಯಲ್ಲೂ ಯಾರೂ ಬೆರಳೆತ್ತುವುದಿಲ್ಲ.

ತೂಕ ನೋಡಿಸುವುದಕ್ಕೂ ಒಂದು ಕ್ರಮವಿದೆ. ಹೆಚ್ಚಿನವರು ಕಾಟಾದ ಮೇಲೆ ಇಡೀ ಗಾಡಿ ನಿಲ್ಲಿಸಿ ಚೀಟಿ ತೆಗೆದುಕೊಂಡು ಬರುತ್ತಾರೆ. ಮೊದಲು ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಒಂದು ತೂಕ, ನಂತರ ಪೂರ್ತಿ, ಆಮೇಲೆ ಮುಂದಿನ ಚಕ್ರ ಇಳಿದು ಹಿಂದಿನವು ಮಾತ್ರ ಉಳಿದಾಗ ಇನ್ನೊಂದು. ಕಾಟಾದ ಎರಡೂ ಬದಿಯ ನೆಲ ಅದರ ಮಟ್ಟಕ್ಕೇ ಇದ್ದರೆ ಆಕ್ಸಲ್‌ವಾರು ಲೆಕ್ಕ ಸಿಗುತ್ತದೆ. ಹಳೆಯ 16.2 ಟನ್ನಿನ ಲಾರಿಯಾದರೆ ಮುಂದೆ 6, ಹಿಂದೆ 10.2ರ ಒಳಗಿರಬೇಕು. ಒಟ್ಟು ಸರಿಯಿದ್ದು ಹಿಂದೆ ಹೆಚ್ಚಿದ್ದರೆ ಮಾಲನ್ನು ಎರಡಡಿ ಮುಂದಕ್ಕೆ ಸರಿಸಿ ಮತ್ತೆ ತೂಗಬೇಕು. ಎಷ್ಟೋ ಗಾಡಿಗಳು ಹಿಂದಕ್ಕೆ ಕುಳಿತುಕೊಳ್ಳುವುದಕ್ಕೆ ಕಾರಣ ಇಷ್ಟೇ ಆಗಿರುತ್ತದೆ. ಅದಕ್ಕೆ ಬೇಕಾದದ್ದು ಹಮಾಲಿಗಳ ಅರ್ಧ ಗಂಟೆಯ ಕೂಲಿ.